ಸೋರೋ ಮಾಳಿಗಿ, ಗಿಟಾರು, ಮತ್ತ ನಮ್ಮ ಹುಡುಗನ ರ‍್ಯಾಪ್



ಹೊಲದ ಸುದ್ದಿ ಮೊದಲ ಹೇಳಿಬಿಡ್ತೀನಿ. ಹೆಸರು ಒಕ್ಕಿ ಆಯ್ತು, ಹೊಲ ಹರಗಿ ಬಿಟ್ಟೀನಿ. ಹಸ್ತದ ಮಳಿ ಒಂದು ಹದ ಕೊಟ್ರ ಕಡ್ಲಿ ಬಿತ್ತೋದು. ಅಲ್ಲಿತನಕ ಕೈ ಖಾಲಿ. ಹಂಗಾಗಿ ಇವತ್ತು ಬೆಳಿ ಮಾತಲ್ಲ, ಹಾಡಿನ ಮಾತು. ಬ್ಯಾಡಾದವರು ಮುಂದ ಹೋಗ್ರಿ, ನನಗ ಸಿಟ್ಟಿಲ್ಲ.

ನನ್ನ ತಮ್ಮನ ಮಗ ಹುಬ್ಬಳ್ಳಿಯೊಳಗ ಕೆಲಸಕ್ಕ ಇದ್ದಾನ. ಕೆಲಸ ಬಿಟ್ಟು ಉಳಿದ ಹೊತ್ತೆಲ್ಲಾ ರ‍್ಯಾಪ್. ಮೂವರು ಗೆಳ್ಯಾರು ಕೂಡಿ ಹಾಡ್ತಿದ್ರು, ಈಗ ಒಬ್ಬನ ತನ್ನ ಹೆಸರ್ಲೆ ಮೊದಲನೇ ಆಲ್ಬಂ ಮಾಡತಾನಂತ. ಹೋದ ಅಮಾಸಿಗೆ ಊರಿಗೆ ಬಂದಾಂವ, ‘ದೊಡ್ಡಪ್ಪಾ, ನಿಮ್ಮ ಭಜನಿಯವರು ಹಾಡೋ ಸೋರುತಿಹುದು ಮನಿಯ ಮಾಳಿಗಿ ಐತೆಲ್ಲ, ಅದನ್ನ ನನ್ನ ಹಾಡಿನ ನಡುವ ಹಾಕಬೇಕಂತೀನಿ. ನಿಮ್ಮ ದನಿಲೇನ ರೆಕಾರ್ಡ್ ಮಾಡಿಕೊಡ್ರಿ’ ಅಂದ. ನಾನು ಹೋಗಿ ಭಜನಿ ಯಜಮಾನ್ರನ್ನ ಕೇಳಿದೆ. ಅವರು ತಲಿ ಎತ್ತದನ ‘ಆಗೂದಿಲ್ಲ’ ಅಂದ್ರು. ‘ಎರಡು ಸಾಲು ಕತ್ತರಿಸಿ ತಿರುವಿ ತಿರುವಿ ಬಾರಸ್ತಾರ. ಅಂಕಿತ ಎಲ್ಲಿ ಹೋತು? ಹಾಡಿದವ್ರು ಯಾರು, ಹಾಡಿಸಿದ ಗುರು ಯಾರು?’

ಈಗ ಎರಡೂ ಕಡಿಯವರು ನನ್ನ ಮಾರಿ ನೋಡಾಕತ್ತಾರ. ನಾನು ಎಂಟು ದಿನ ಟೈಮ್ ಕೇಳಿ, ಒಂದು ಹಳೇ ಆಲ್ಬಂ ಮತ್ತ ತಗದು ಕೇಳಿದೆ. ರಘು ದೀಕ್ಷಿತ್ ಅವರ ಮೊದಲನೇ ಆಲ್ಬಂ, 2008ರಾಗ ಬಂದದ್ದು. ಅವರು ರ‍್ಯಾಪ್ ಹಾಡವರಲ್ಲ, ಗಿಟಾರ್ ಹಿಡದು ಹಾಡವರು. ಆದ್ರ ನಮ್ಮ ಹುಡುಗ ಈಗ ಎಲ್ಲಿ ನಿಂತಾನೋ ಅಲ್ಲೇ ಅವರೂ ಆವಾಗ ನಿಂತಿದ್ರು. ಗುಂಪು ಹಿಂದ ಬಿಟ್ಟು ತಮ್ಮದ ಒಂದು ಹೆಸರು, ಕೈಯಾಗ ಶರೀಫಜ್ಜನ ಹಾಡು.

ಗೊತ್ತಿಲ್ಲದವರಿಗೆ ಹೇಳ್ತೀನಿ. ರಘು ದೀಕ್ಷಿತ್ ಮೈಸೂರಿನ್ಯಾಗ ಬೆಳೆದವರು. ಮೈಕ್ರೋಬಯಾಲಜಿ ಎಂ.ಎಸ್ಸಿ. ಓದಿದವರು, ಭರತನಾಟ್ಯಾನೂ ಕಲಿತವರು. ಮೊದಲು ‘ಅಂತರಾಗ್ನಿ’ ಅಂತ ಬ್ಯಾಂಡ್ ಕಟ್ಟಿದ್ರು. ಆಮ್ಯಾಲೆ ತಮ್ಮ ಹೆಸರ್ಲೆ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಅಂತ ಮಾಡಿಕೊಂಡು ಮುಂಬಯಿಯೊಳಗ ಬಾಳ ದಿನ ಬಾಗಿಲು ಬಡದ್ರು. ಕಡೀಕ ಹಿಂದಿ ಸಿನಿಮಾದ ವಿಶಾಲ್-ಶೇಖರ್ ಜೋಡಿ ಈ ಆಲ್ಬಂ ಹೊರಗ ತಂದಿತು. ಅದರಾಗ ಕನ್ನಡದವು ಎರಡ ಹಾಡು, ಎರಡೂ ಶಿಶುನಾಳ ಶರೀಫರವು. ‘ಗುಡುಗುಡಿಯ ಸೇದಿ ನೋಡೋ’ ಒಂದು, ‘ಸೋರುತಿಹುದು ಮನಿಯ ಮಾಳಿಗಿ’ ಇನ್ನೊಂದು. ಉಳಿದವು ಹಿಂದಿ ಮತ್ತ ಇಂಗ್ಲಿಷು.

ನನ್ನ ಕೈಗೆ ಅದು ಬಂದದ್ದು 2009ರಾಗ. ಆವಾಗ ಹೊಸಾ ಮೊಬೈಲ್ ತಗೊಂಡಿದ್ದೆ. ಪ್ಯಾಟ್ಯಾಗ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ಹಾಡು ತುಂಬಿ ಕೊಡ್ತಿದ್ರು, ನಿಮಗೂ ನೆನಪಿರಬೇಕು. ನಾನು ಶರೀಫರ ಹಾಡು ತುಂಬಪಾ ಅಂದೆ. ಅಂವ ಅಶ್ವತ್ಥ ಅವರವು ತುಂಬಿದ, ಜೋಡಿಗೆ ಇವೂ ಬಂದ್ವು. ಯಾರು ಹಾಡಿದ್ದು, ಯಾರು ಬರದದ್ದು ಏನೂ ಇಲ್ಲ, ಇಂಗ್ಲಿಷಿನ್ಯಾಗ ಒಂದು ಹೆಸರು ಅಷ್ಟ.

ಆ ವರ್ಷ ಸಪ್ಟೆಂಬರ್ ಕಡೀಕ ಹಿಡದ ಮಳಿ ನೀವ್ಯಾರೂ ಮರ್ತಿರಾಕಿಲ್ಲ. ಮಲಪ್ರಭಾ ದಂಡಿ ಊರಿಗೂರ ನೀರಾಗ ನಿಂತವು. ನಮ್ಮ ಕಡಿ ಹೊಳಿ ಕಾಟ ಇರಲಿಲ್ಲ, ಆದ್ರ ಮಾಳಿಗಿ ಮನಿಯವರ ಪಾಡು ದೇವರಿಗೆ ಪ್ರೀತಿ. ಪ್ರತಿ ವರ್ಷ ಮಿರಗಕ್ಕಿಂತ ಮುಂಚೆ ಮಾಳಿಗಿಗೆ ಮಣ್ಣು ಹಾಕ್ಬೇಕು. ಆ ವರ್ಷ ನಾನು ಹಾಕಿರಲಿಲ್ಲ. ಮುಂದಿನ ವರ್ಷ ಹೆಂಗಿದ್ರೂ ಆರ್.ಸಿ.ಸಿ. ಹಾಕಸೂದ ಐತಿ, ಸುಮ್ಮನ ಯಾಕ ಟ್ರ್ಯಾಕ್ಟರ್ ಬಾಡಿಗಿ ಅಂತ ಲೆಕ್ಕ ಹಾಕಿದ್ದೆ. ಮೂರು ದಿನ ಬಿಡದ ಮಳಿ ಹತ್ತಿದ ಮ್ಯಾಲೆ ಜಂತಿ ಸಂದ್ಯಾಗಿಂದ ಮೊದಲು ಹನಿ, ಆಮ್ಯಾಲೆ ದಾರ. ಕೊಡ, ಬುಟ್ಟಿ, ಪರಾತ ಎಲ್ಲಾ ಅಲ್ಲಲ್ಲೆ ಇಟ್ವಿ. ಜ್ವಾಳದ ಚೀಲ ಅಡಿಗಿ ಮನಿಗೆ ಎಳಕೊಂಡು ಹೋದ್ವಿ. ಕರೆಂಟ್ ಇಲ್ಲ. ಎಲ್ಲಾರೂ ಒಂದ ಮೂಲ್ಯಾಗ ಕುಂತೀವಿ. ಈ ಹುಡುಗಗ ಆವಾಗ ಎಂಟು ವರ್ಷ. ಬ್ಯಾಸರಾಗಿ ನನ್ನ ಮೊಬೈಲ್ ತಗೊಂಡು ಗುಂಡಿ ಒತ್ತಿದ. ಯಾವುದು ಬರಬೇಕು? ಅದ ಬಂತು. ಮನಿ ಸೋರಾಕತ್ತೈತಿ, ಮೊಬೈಲಿನ್ಯಾಗ ಗಿಟಾರ್ ಮ್ಯಾಲೆ ಒಬ್ಬಾಂವ ಎದಿ ತುಂಬಿ ಮಾಳಿಗಿ ಸೋರತೈತಿ ಅಂತ ಹಾಡಾಕತ್ತಾನ. ನಮ್ಮ ತಮ್ಮ ನಕ್ಕ. ನನ್ನ ಹೆಂಡ್ತಿ ನಕ್ಕಳು. ನನಗ ಮಾತ್ರ ಉರದುಹೋತು, ಮಣ್ಣು ಹಾಕದಾಂವ ನಾನಲ್ಲೇನು.

ಹುಡುಗ ಕೇಳಿದ, ‘ದೊಡ್ಡಪ್ಪಾ, ಇವರ ಮನಿ ಯಾವಾಗ ಸೋರಿತ್ತು?’

ನಾನು ‘ಸುಮ್ಮನ ಕುಂದರೋ’ ಅಂತ ಗದರಿಸಿದೆ. ಗದರಿಸಿದ್ದು ಉತ್ತರ ಬರಲಾರದಕ್ಕ. ಭಜನಿಯೊಳಗ ಅಷ್ಟು ವರ್ಷ ಅದ ಹಾಡಿಗೆ ತಾಳ ಹಾಕೀನಿ, ಅರ್ಥ ಒಮ್ಮೆನೂ ಕೇಳಿರಲಿಲ್ಲ. ಅವ್ವ ಕತ್ತಲ್ಯಾಗಿಂದ ಅಂದಳು, ‘ಅದು ಮಳಿ ಮಾತಲ್ಲಪ್ಪ, ಮನಷ್ಯಾನ ಮಾತು. ಮ್ಯಾಲ ಏನು ಕೆಟ್ಟೈತಂತ ಗೊತ್ತಿದ್ದೂ ಹತ್ತಿ ನೋಡಲಾರದಾಂವನ ಮಾತು.’ ಆಕಿ ಸಾಲಿ ಕಟ್ಟಿ ಹತ್ತಿದಾಕಿ ಅಲ್ಲ.

ಈಗ ಆಲ್ಬಮ್ಮಿನ ಗುಣ ಹೇಳ್ತೀನಿ. ಮೊದಲನೇದು ದನಿ. ಹೆದರಿಕಿ ಇಲ್ಲದ ದನಿ. ನಮ್ಮ ಕಡಿ ಗೀಗೀ ಪದದವರು ಡಪ್ಪು, ತುಂತುಣಿ ಹಿಡದು ಮೈಕ್ ಇಲ್ಲದನ ಜಾತ್ರ್ಯಾಗ ಹಾಡ್ತಿದ್ರಲ್ಲ, ಅಂಥಾದ್ದು. ಎಳದು, ಸಣ್ಣ ಮಾಡಿ, ನಾಜೂಕು ಮಾಡಿ ಹಾಡಿಲ್ಲ. ಎರಡನೇದು ಮಾತು. ಮೈಸೂರಿನವರು ‘ಮನೆ’ ಅಂತಾರ, ‘ಮಾಳಿಗೆ’ ಅಂತಾರ. ಇವರು ‘ಮನಿ’, ‘ಮಾಳಿಗಿ’ ಅಂತನ ಇಟ್ಟಾರ, ತಿದ್ದಾಕ ಹೋಗಿಲ್ಲ. ಇದು ಸಣ್ಣ ಮಾತಲ್ರಿ. ನಮ್ಮ ಲಕ್ಷ್ಮೇಶ್ವರ ಅಂದ್ರ ಹಿಂದಿನ ಪುಲಿಗೆರೆ, ಪಂಪ ಇಲ್ಲಿ ಕನ್ನಡಾನ ತಿರುಳ್ಗನ್ನಡ ಅಂತ ಮೆಚ್ಚಿಕೊಂಡಾಂವ. ಆದ್ರ ಸಿನಿಮಾದಾಗ ಇದ ಮಾತನ್ನ ನಗಸಾಕ ಇಟ್ಟುಕೊಂಡಾರ. ಒಬ್ಬ ಹಾಡಗಾರ ಅದನ್ನ ನಗಿಚಾಟಿಕಿ ಮಾಡದ ಹಾಡಿ, ಮುಂದ ಲಂಡನ್ ತನಕ ಒಯ್ದ. 2010ರಾಗ ಬಿಬಿಸಿ ಟಿವಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಾಗೂ ಇವರು ಹಾಡಿ ಬಂದ್ರು, ಲುಂಗಿ ಉಟ್ಟು ಕಾಲಿಗೆ ಗೆಜ್ಜಿ ಕಟ್ಟಿ ಹಾಡವರು.

ಮೂರನೇದು ನಾನು ಕಣ್ಣಾರೆ ಕಂಡದ್ದು. ಕಾಲೇಜಿಗೆ ಹೋಗೋ ಹುಡುಗರು ಈ ಹಾಡು ಗುನುಗಾಕ ಹತ್ತಿದ್ರು. ಅದಕ್ಕೂ ಮೊದಲು ಭಜನಿ ಅಂದ್ರ ಮುದುಕರ ಕೆಲಸ ಅನ್ನೋರು. ಒಂದಿಬ್ಬರು ಗುಡಿ ಕಟ್ಟಿಗೆ ಬಂದು ‘ಕಾಕಾ, ನೀವು ಬ್ಯಾರೆ ಧಾಟಿಯೊಳಗ ಹಾಡತೀರೆಲ್ಲ’ ಅಂತ ಕುಂತು ಕೇಳಿದ್ರು. ಅದರಾಗ ಒಬ್ಬ ಈಗ ನಮ್ಮ ತಬಲಾದಾಂವ.

ಇನ್ನ ಕೊರತಿ. ಹಾಡು ನಿಲ್ಲೂದಿಲ್ಲ. ಅದ ನನ್ನ ದೊಡ್ಡ ತಕರಾರು. ನಮ್ಮ ಭಜನಿಯೊಳಗ ಒಂದು ನುಡಿ ಮುಗಿದ ಮ್ಯಾಲೆ ಯಜಮಾನ್ರು ಕೈ ಎತ್ತತಾರ, ತಾಳ ನಿಲ್ಲತೈತಿ, ಅರ್ಥ ಹೇಳತಾರ. ಒಮ್ಮೊಮ್ಮೆ ಅರ್ಧ ತಾಸು ಹೇಳತಾರ, ನಿದ್ದಿ ಬರತೈತಿ ಅದು ಬ್ಯಾರೆ ಮಾತು. ಆದ್ರ ಆ ಜಾಗಾದಾಗ ಹಾಡು ಒಳಗ ಇಳೀತೈತಿ. ಆಲ್ಬಮ್ಮಿನ್ಯಾಗ ಅದಕ್ಕ ಜಾಗಾನ ಇಲ್ಲ, ಹುರುಪು ಏರಕೋತ ಹೋಗತೈತಿ, ಕೇಳವ್ರು ಕುಣಕೋತ ಹೋಗತಾರ. ಮಾಳಿಗಿ ಹಾಡಿನ್ಯಾಗ ಒಂದು ನಾಚಿಕಿ ಐತಿ, ತನ್ನ ತಪ್ಪು ತಾನ ಕಂಡಾಂವನ ನಾಚಿಕಿ. ನನ್ನ ಕಿವಿಗೆ ಅದು ಇಲ್ಲಿ ಕೇಳಲಿಲ್ಲ, ಸೋರೂದ ಒಂದು ಹಬ್ಬ ಆದಂಗ ಕೇಳ್ತು. ರಾತ್ರಿ ಪರಾತ ಹಿಡದು ಕುಂತಾಂವನ ಕಿವಿಗೆ ಹಂಗ ಕೇಳ್ತೋ ಏನೋ. ಹದಿನೈದು ವರ್ಷದ ಮ್ಯಾಲೆ ಸ್ಲ್ಯಾಬಿನ ಕೆಳಗ ಕುಂತು ಮತ್ತ ಕೇಳಿದೆ, ಆಗಲೂ ಹಂಗ ಅನಿಸ್ತು.

ಗುಡುಗುಡಿ ಹಾಡಿನ ಕಥಿ ಇನ್ನೂ ಕಷ್ಟ. ಶರೀಫರು ಮನಸ್ಸಿನ್ಯಾಗಿನ ಕೆಟ್ಟದ್ದನ್ನ ಸುಟ್ಟು ಹೊಗಿ ಮಾಡೂ ಲೆಕ್ಕದಾಗ ಹೇಳಿದ್ದು. ನಮ್ಮ ಹುಡುಗರು ಅದನ್ನ ಸೇದೂ ಹಾಡು ಮಾಡಿಕೊಂಡು ಗಣಪತಿ ಮೆರವಣಿಗ್ಯಾಗ ಡಿಜೆ ಹಾಕಿ ಕುಣದ್ರು. ತಪ್ಪು ಹಾಡಿದವರದ್ದ ಅಂತ ನಾನು ಹೇಳೂದಿಲ್ಲ. ರಘು ದೀಕ್ಷಿತ್ ವೇದಿಕಿ ಮ್ಯಾಲೆ ಶರೀಫರ ಹೆಸರು ಹೇಳೇ ಹಾಡತಾರ. ಆದ್ರ ಮೆಮೊರಿ ಕಾರ್ಡಿನ್ಯಾಗ ವೇದಿಕಿ ಬರೂದಿಲ್ಲಲ್ಲ. ಇವತ್ತಿಗೂ ನಮ್ಮೂರಾಗ ಕೆಲವು ಹುಡುಗರು ಅದನ್ನ ರಘು ದೀಕ್ಷಿತ್ ಹಾಡು ಅಂತಾರ. ಶಿಶುನಾಳ ನಮಗೇನು ದೂರ? ಬೈಕ್ ಮ್ಯಾಲೆ ಹೋಗಿ ಸಂಜಿಗೆ ಬರೋವಷ್ಟು.

ಉಳಿದ ಹಿಂದಿ, ಇಂಗ್ಲಿಷ್ ಹಾಡಿನ ಬಗ್ಗೆ ನಾನು ಹೆಚ್ಚು ಹೇಳಾಂವಲ್ಲ. ‘ಹೇ ಭಗವಾನ್’ ಕೇಳಾಕ ಚಂದ ಐತಿ. ಆದ್ರ ಶರೀಫರ ಬಾಜೂಕ ಇಟ್ಟು ಕೇಳಿದ್ರ ಹೊಸಾ ಹಾಡಿನ ಮಾತು ತೆಳು ಅನಸತೈತಿ. ಮೊದಲ ಬೆಳಿಗೆ ಎಲ್ಲಾ ಥರ ಬೀಜ ಒಂದ ಹೊಲಕ್ಕ ಹಾಕಿದಂಗ ಆಗೇತಿ. ಒಂದು ಅಕ್ಕಡಿ ಸಾಲು ಚಂದ, ನಾಲ್ಕು ಅಕ್ಕಡಿ ಹಾಕಿದ್ರ ಯಾವುದಕ್ಕೂ ಗಾಳಿ ಸಿಗೂದಿಲ್ಲ.

ಅಶ್ವತ್ಥ ಅವರ ಹಾಡಿನ ಜೋಡಿ ಹೋಲಿಸಬ್ಯಾಡ್ರಿ ಅಂತ ನಮ್ಮ ಹುಡುಗ ಅಂತಾನ. ಹೋಲಿಸದ ಹೆಂಗ ಇರೂದು? 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ನಾನು ಟೆಂಟಿನ್ಯಾಗ ನೋಡೀನಿ. ಶ್ರೀಧರ್ ಶರೀಫರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರು, ಸಂಗೀತ ಅಶ್ವತ್ಥ ಅವರದು. ಆವಾಗಲೂ ನಮ್ಮ ಯಜಮಾನ್ರ ಅಪ್ಪ ‘ಇದು ಭಜನಿ ಧಾಟಿ ಅಲ್ಲ, ಸಿನಿಮಾ ಧಾಟಿ’ ಅಂತ ಬೈದಿದ್ರು. ಈಗ ಅದ ಧಾಟಿಯೊಳಗ ನಮ್ಮ ಯಜಮಾನ್ರು ಹಾಡತಾರ, ಹೇಳಿದ್ರ ಒಪ್ಪೂದಿಲ್ಲ. ಆ ಮಳಿ ಬಂದ ವರ್ಷದ ಡಿಸೆಂಬರಿನ್ಯಾಗ ಅಶ್ವತ್ಥ ತೀರಿಕೊಂಡ್ರು. ಆ ದಿನ ಗುಡಿಯೊಳಗ ಅವರ ಧಾಟಿಯೊಳಗನ ಹಾಡಿದ್ವಿ, ಯಾರೂ ತಕರಾರು ತಗೀಲಿಲ್ಲ.

ರ‍್ಯಾಪ್ ಅಂದ್ರ ಬರೇ ಗದ್ದಲ ಅನ್ನೋರಿಗೆ ಒಂದು ಮಾತು. ಹುಡುಗ ನನ್ನ ಮುಂದ ಬೆರಳು ಎಣಿಸಿ ಮಾತು ಕೂಡಸತಿದ್ದ. ನನಗ ಹೈಸ್ಕೂಲಿನ್ಯಾಗ ಮಾಸ್ತರು ಕುಮಾರವ್ಯಾಸನ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿಸಿದ್ದು ನೆನಪಾತು, ಮೂರು ಮಾತ್ರಿ, ನಾಲ್ಕು ಮಾತ್ರಿ, ಮೂರು, ನಾಲ್ಕು. ಗದಗಿನ ವೀರನಾರಾಯಣ ಗುಡಿಯೊಳಗ ಕುಂತು ಬರದಾಂವನೂ ಎಣಿಸೇ ಬರದಾಂವ. ಹರದೇಶಿ ನಾಗೇಶಿಯವರು ಬೆಳತನಕ ಒಬ್ಬರಿಗೊಬ್ಬರು ಸವಾಲು ಹಾಕಿ ಹಾಡ್ತಿದ್ರು, ಅದೂ ರ‍್ಯಾಪಿನವರ ಪಂದ್ಯಾನ ಅಲ್ಲೇನು? ಹಂಗಂತ ಎಲ್ಲಾ ಕೂಡಸಿದ್ರೂ ಕೂಡತೈತಿ ಅಂತಲ್ಲ. 2020ರ ಗಣೇಶನ ಹಬ್ಬಕ್ಕ ಚಂದನ್ ಶೆಟ್ಟಿ ಅವರು ಮಾದಪ್ಪನ ಜಾನಪದ ಹಾಡು ‘ಕೋಲುಮಂಡೆ’ಯನ್ನ ರ‍್ಯಾಪ್ ಮಾಡಿ ತಂದ್ರು. ವಿಡಿಯೋದಾಗ ಶರಣೆ ಸಂಕಮ್ಮನ್ನ ತೋರಿಸಿದ ರೀತಿಗೆ ಚಾಮರಾಜನಗರ ಕಡಿ ಭಕ್ತರು ಸಿಟ್ಟಾದ್ರು. ಅವರು ಕ್ಷಮಾ ಕೇಳಿದ್ರು, ವಿಡಿಯೋ ತಗದುಹಾಕಿದ್ರು. ಹಾಡು ಕಾಪಾಡಿಕೊಂಡು ಬಂದವರನ್ನ ಮೊದಲ ಕೇಳಿದ್ರ ಅಲ್ಲೀತನಕ ಹೋಗತಿದ್ದಿಲ್ಲೇನೋ ಅಂತ ನನಗನಸತೈತಿ. ನಮ್ಮ ಹುಡುಗ ಮೊದಲ ಬಂದು ಕೇಳ್ಯಾನ, ಅದು ನನಗ ಸೇರಿತು.

ಅವನ ಹಾಡೂ ಕೇಳಿಸಿದ. ಆರು ಅದಾವು. ಎರಡರಾಗ ಬರೇ ತನ್ನ ಹೊಗಳಿಕಿ, ಬೆಂಗಳೂರಿನವರ ಗತ್ತು, ಅವನ ಬಾಯಿಗೆ ಒಪ್ಪೂದಿಲ್ಲ. ಒಂದು ಉಳ್ಳಾಗಡ್ಡಿ ಮ್ಯಾಲೆ ಐತಿ. ಅವರಪ್ಪ, ಅಂದ್ರ ನಮ್ಮ ತಮ್ಮ, ಗಾಡಿ ಬಾಡಿಗಿನೂ ಹುಟ್ಟಲಾರದ್ದಕ್ಕ ಮಾಲು ಮಾರಕಟ್ಟಿ ಹೊರಗ ಸುರುವಿ ಬಂದ ದಿನದ್ದು. ಅದನ್ನ ಕೇಳಿ ನಮ್ಮ ತಮ್ಮ ಎದ್ದು ಹೊರಗ ಹೋದ, ದನಕ್ಕ ನೀರು ಕುಡಸಾಕಂತ. ಸಂಜಿ ಆಗಿರಲಿಲ್ಲ ಇನ್ನೂ.

ಮಾಳಿಗಿ ಹಾಡು ಹಾಕೂದು ಅದರ ಮುಂದಿನ ಹಾಡಿನ್ಯಾಗ. 2009ರ ರಾತ್ರಿ ಮ್ಯಾಲೆ ಬರದಾನ. ಕೊಡ, ಪರಾತ, ಅವ್ವ ಅಂದ ಮಾತು ಎಲ್ಲಾ ಐತಿ. ಮಣ್ಣು ಹಾಕದ ದೊಡ್ಡಪ್ಪನೂ ಅದಾನ. ‘ತಗದುಹಾಕ್ಲೇನು?’ ಅಂದ. ಇರಲಿ ಬಿಡು ಅಂದೆ.

ಯಜಮಾನ್ರ ಹತ್ರ ಮತ್ತ ಹೋಗಿ ಕುಂತೆ. ಕತ್ತರಿಸಿ ಹಾಕೂದಿಲ್ಲ, ಅಂಕಿತದ ನುಡಿತನಕ ಪೂರಾ ಬರತೈತಿ, ಶರೀಫರ ಹೆಸರೂ ಗೋವಿಂದ ಭಟ್ಟರ ಹೆಸರೂ ಹುಡುಗ ಬಾಯಿಬಿಟ್ಟು ಹೇಳತಾನ ಅಂತ ಹೇಳಿದೆ. ಬಾಳ ಹೊತ್ತು ಸುಮ್ಮನಿದ್ರು. ಆಮ್ಯಾಲೆ, ‘ನಾ ಅರ್ಥಾನೂ ಹೇಳಾಂವ. ಅದನ್ನೂ ತಗೋಬೇಕು’ ಅಂದ್ರು. ಹುಡುಗಗ ಫೋನ್ ಮಾಡಿ ಹೇಳಿದೆ. ‘ಎಷ್ಟು ನಿಮಿಷ ಆಗತೈತಿ ದೊಡ್ಡಪ್ಪಾ?’ ಅಂತ ಕೇಳಿದ. ಅದು ಹೇಳಾಕ ಬರೂದಿಲ್ಲ ತಮ್ಮಾ, ಬ್ಯಾಟರಿ ಪೂರಾ ಚಾರ್ಜ್ ಮಾಡಿಕೊಂಡು ಬಾ ಅಂದೆ.

ಬರೋ ಗುರುವಾರ ರಾತ್ರಿ ಗುಡಿಯೊಳಗ ಐತಿ, ಹತ್ತರದವರು ಬರ್ರಿ. ನಮ್ಮ ಡಗ್ಗಾ ಹರದೈತಿ. ಗದಗ-ಬೆಟಗೇರಿಯೊಳಗ ಅಷ್ಟರಾಗ ಮುಚ್ಚಿಸಿ ಕೊಡೋರು ಯಾರಾದ್ರೂ ಗೊತ್ತಿದ್ರ ಕೆಳಗ ತಿಳಸ್ರಿ.