ಬೈಲಿಯ ಹೆಸರಿನ ಬಂದೀಖಾನೆ

ರಜೆಯ ದಿನ ಶ್ರೀರಂಗಪಟ್ಟಣಕ್ಕೆ ಬಂದಿಳಿಯುವ ಸಂಸಾರಗಳ ಕ್ರಮ ಬಹುಮಟ್ಟಿಗೆ ಒಂದೇ. ಮೊದಲು ರಂಗನಾಥನ ದರ್ಶನ; ಬಳಿಕ ದರಿಯಾ ದೌಲತ್, ಗುಂಬಜ್; ಹೊತ್ತು ಮಿಕ್ಕರೆ ಸಂಗಮದಲ್ಲಿ ಕಾಲು ತೊಳೆದು ಬುತ್ತಿಯ ಗಂಟು ಬಿಚ್ಚುವುದು. ಗುಡಿಯಿಂದ ಅನತಿದೂರದಲ್ಲಿ, ಕೋಟೆಯ ಉತ್ತರದ ಗೋಡೆಯ ಬಳಿ, ನೆಲಮಟ್ಟಕ್ಕಿಂತ ಕೆಳಗೆ ಹುದುಗಿರುವ ಸೆರೆಮನೆಯೊಂದಕ್ಕೆ ಇವರಲ್ಲಿ ಕೆಲವರು ಮಾತ್ರ ಇಳಿಯುತ್ತಾರೆ. ಇಳಿದವರೂ ಐದು ನಿಮಿಷದಲ್ಲಿ ಮೇಲೆ ಬರುತ್ತಾರೆ. ಅದೇ ಕರ್ನಲ್ ಬೈಲಿಯ ಬಂದೀಖಾನೆ.

ಸುಮಾರು 30 ಮೀಟರು ಉದ್ದ, 12 ಮೀಟರು ಅಗಲ. ಇಟ್ಟಿಗೆ ಗಾರೆಗಳಿಂದ ಎಬ್ಬಿಸಿದ ಕಮಾನುಗಳ ಮಾಳಿಗೆ. ಕಮಾನಿನ ಮೇಲೆ ಬಿದ್ದ ಭಾರವು ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಬಿಗಿಮಾಡುತ್ತ ಇಕ್ಕೆಲದ ಗೋಡೆಗಳಿಗೆ ಇಳಿದುಹೋಗುತ್ತದೆ. ಆದುದರಿಂದಲೇ ಅದು ಇಷ್ಟು ಕಾಲ ನಿಂತಿದೆ. ಗೋಡೆಗಳಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ. ಅವುಗಳಲ್ಲಿ ರಂಧ್ರಗಳು. ಸೆರೆಯಾಳುಗಳ ಕೈಗಳನ್ನು ಸರಪಳಿಯಿಂದ ಬಿಗಿಯುತ್ತಿದ್ದುದು ಅಲ್ಲಿಗೇ ಎಂದು ಹೇಳುವ ವಾಡಿಕೆ. ನಡುವೆ ಒಂದು ಫಿರಂಗಿ ಬಿದ್ದುಕೊಂಡಿದೆ; 1799ರ ಮುತ್ತಿಗೆಯಲ್ಲಿ ಮೇಲಿನ ಕೊತ್ತಲದಿಂದ ಕಳಚಿ ಒಳಗೆ ಬಿದ್ದುದಂತೆ. ನದಿಯ ನೀರನ್ನು ಕೊರಳಮಟ್ಟ ತುಂಬಿ ಕೈದಿಗಳನ್ನು ನಿಲ್ಲಿಸುತ್ತಿದ್ದರೆಂಬ ಕಥೆಯೂ ಉಂಟು. ಆ ಕಥೆ ಕೇಳಿದ ಕೂಡಲೇ ಮಕ್ಕಳು ಚಪ್ಪಡಿಯ ಬಳಿಗೆ ಓಡಿ ತಮ್ಮ ಮಣಿಕಟ್ಟನ್ನು ರಂಧ್ರಕ್ಕೆ ಒತ್ತಿ ನೋಡುತ್ತಾರೆ. ತಾಯಂದಿರು ಸೆರಗಿನಿಂದ ಅವರ ಕೈಯ ಸುಣ್ಣ ಒರೆಸುತ್ತಾರೆ.

ಕಥೆ ರೋಮಾಂಚಕಾರಿ, ಆದರೆ ಚರಿತ್ರೆ ಅದಕ್ಕೆ ಅಷ್ಟಾಗಿ ಒತ್ತಾಸೆ ನೀಡುವುದಿಲ್ಲ.

1780ನೆಯ ಇಸವಿ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪದ ಪೊಲ್ಲಿಲೂರಿನಲ್ಲಿ ಹೈದರಾಲಿಯೂ ಟಿಪ್ಪುವೂ ಕೂಡಿ ಕಂಪೆನಿಯ ಪಡೆಯೊಂದನ್ನು ಸಂಪೂರ್ಣವಾಗಿ ಮುರಿದರು. ಆ ಪಡೆಯ ನಾಯಕನೇ ವಿಲಿಯಂ ಬೈಲಿ. ಗಾಯಗೊಂಡು ಸೆರೆಸಿಕ್ಕ ಅವನನ್ನು ಇತರರೊಂದಿಗೆ ಶ್ರೀರಂಗಪಟ್ಟಣಕ್ಕೆ ತಂದರು. ಅಲ್ಲಿಯೇ, 1782ರ ನವೆಂಬರ್ 13ರಂದು ಅವನು ಪ್ರಾಣಬಿಟ್ಟನು. ಹೈದರನು ತೀರಿಕೊಂಡದ್ದು ಅದೇ ವರ್ಷದ ಡಿಸೆಂಬರ್ 7ರಂದು. ಎಂದರೆ, ಬೈಲಿಯು ಸೆರೆಯಲ್ಲಿದ್ದಷ್ಟು ಕಾಲವೂ ಪಟ್ಟಣದ ಒಡೆಯ ಹೈದರನೇ. ಟಿಪ್ಪು ಸುಲ್ತಾನನಾಗುವ ವೇಳೆಗೆ ಕೈದಿ ಮಣ್ಣಾಗಿದ್ದನು. ಈ ಸೆರೆಯನ್ನು ಟಿಪ್ಪುವಿನ ಲೆಕ್ಕಕ್ಕೆ ಬರೆಯುವವರು ಇಷ್ಟನ್ನಾದರೂ ಗಮನಿಸಬೇಡವೆ?

ಕೈದಿಗಳಾಗಿದ್ದ ಅಧಿಕಾರಿಗಳಲ್ಲಿ ಕೆಲವರ ಬರೆಹಗಳು ಉಳಿದಿವೆ. ಅವುಗಳಲ್ಲಿ ಕಾಣುವುದು ಅಂಗಳದ ಸುತ್ತ ಕಟ್ಟಿದ ಸಾಲು ಕೊಟ್ಟಿಗೆಗಳಂತಹ ವಾಸ. ಕಾಲಿಗೆ ಕಬ್ಬಿಣದ ಬೇಡಿ. ಮಾಯದ ಗಾಯ, ಅತಿಸಾರ, ದಿನದಿನದ ಬೇಸರ. ಕೊರಳಮಟ್ಟದ ನೀರಿಗಿಂತ ಇದು ಕಡಮೆ ಘೋರವೆಂದು ಯಾರೂ ಹೇಳಲಾರರು. ಡೇವಿಡ್ ಬೇರ್ಡ್ ಎಂಬ ಯುವಕ ಕ್ಯಾಪ್ಟನ್ನನ ಜೀವನಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಎಲ್ಲರಿಗೂ ಬೇಡಿ ಹಾಕಲು ಅಪ್ಪಣೆಯಾದಾಗ ಬೇರ್ಡನ ಗಾಯಗಳಿನ್ನೂ ಮಾಗಿರಲಿಲ್ಲ. ಆಗ ಲೂಕಸ್ ಎಂಬ ಸಹಕೈದಿ ಮುಂದೆ ಬಂದು, ಬೇರ್ಡನ ಪಾಲಿನ ಬೇಡಿಯನ್ನೂ ತನಗೇ ತೊಡಿಸಿರೆಂದು ಕೇಳಿಕೊಂಡನಂತೆ. 1784ರಲ್ಲಿ ಮಂಗಳೂರಿನ ಒಪ್ಪಂದವಾಗಿ ಬೇರ್ಡನು ಬಿಡುಗಡೆ ಹೊಂದಿದನು. ಲೂಕಸನು ಸೆರೆಯಲ್ಲಿಯೇ ಸತ್ತಿದ್ದನು.

ಹದಿನೈದು ವರ್ಷಗಳ ತರುವಾಯ, 1799ರ ಮೇ 4ರಂದು, ಅದೇ ಕೋಟೆಯ ಬಿರುಕಿಗೆ ನುಗ್ಗಿದ ಸೈನ್ಯದ ಮುಂದಾಳು ಈ ಬೇರ್ಡನೇ. ಆ ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹವನ್ನು ಹುಡುಕಿ ತೆಗೆದರು. ಸ್ಕಾಟ್ಲೆಂಡಿನ ಚಿತ್ರಕಾರ ಡೇವಿಡ್ ವಿಲ್ಕಿ 1839ರಲ್ಲಿ ಈ ದೃಶ್ಯವನ್ನು ದೊಡ್ಡದೊಂದು ಪಟದಲ್ಲಿ ಬರೆದನು. ಬೇರ್ಡನ ಕಾಲ ಬಳಿಯಲ್ಲಿ ನೆಲಮಾಳಿಗೆಯ ಕಬ್ಬಿಣದ ಜಾಲಂಧ್ರವೊಂದನ್ನು ಮರೆಯದೆ ಸೇರಿಸಿದನು: ಅವನನ್ನು ಕೂಡಿಹಾಕಿದ್ದ ಸೆರೆಯ ಗುರುತಾಗಿ! ವಿಲ್ಕಿ ಹಿಂದೂಸ್ಥಾನವನ್ನು ಕಣ್ಣಾರೆ ಕಂಡವನಲ್ಲ. ಪಾತಾಳದ ಬಂದೀಖಾನೆ ಜನರ ಮನಸ್ಸಿನಲ್ಲಿ ಬೇರೂರಿದುದು ಇಂತಹ ಪಟಗಳಿಂದಲೂ ಇದ್ದೀತು.

ಪಟ್ಟಣದಲ್ಲಿಯೇ ಇನ್ನೊಂದು ಚಿತ್ರವಿದೆ. ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಪೊಲ್ಲಿಲೂರಿನ ಕಾಳಗ. ಮದ್ದಿನ ಬಂಡಿ ಸಿಡಿಯುತ್ತಿದೆ, ಪಲ್ಲಕ್ಕಿಯಲ್ಲಿ ಗಾಯಗೊಂಡ ಬೈಲಿ ಕುಳಿತಿದ್ದಾನೆ. ಗೆದ್ದವರು ಬರೆಸಿದ ಪಟ ಅದು. ಆಮೇಲೆ ಗೆದ್ದ ಆಂಗ್ಲರೂ ಅದಕ್ಕೆ ಮತ್ತೆ ಬಣ್ಣ ಹಾಕಿಸಿ ಉಳಿಸಿದರೆಂಬುದು ವಿನೋದ.

ಬಂದೀಖಾನೆ ಈಗ ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಗಳ ಹಸನಾಗಿದೆ, ಗೋಡೆಗಳು ಬೆಳ್ಳಗಿವೆ. ಸೆರೆಮನೆಗೆ ಆ ಬಿಳುಪು ತುಸು ಹೆಚ್ಚಾಯಿತೆಂದೇ ಹೇಳಬೇಕು. ಆದರೆ ಸುಣ್ಣ ಬಳಿಯುವುದು ಬರಿಯ ಅಲಂಕಾರವಲ್ಲ. ಹೊಳೆಯ ಪಕ್ಕದಲ್ಲಿ ಮಣ್ಣಿಗೆ ಒತ್ತಿಕೊಂಡಿರುವ ಗೋಡೆ ಸದಾ ತೇವವನ್ನು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡಬಲ್ಲುದು. ಅದರ ಮೇಲೆ ಸಿಮೆಂಟು ಮೆತ್ತಿದರೆ ನೀರು ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ಹಳೆಯ ಕಟ್ಟಡಗಳನ್ನು ಪ್ರೀತಿಯಿಂದಲೇ ಕೆಡಿಸಿದ ಉದಾಹರಣೆಗಳು ಹಲವು ಊರುಗಳಲ್ಲಿ ಸಿಕ್ಕಾವು.

ಇದೇ ಊರಿನ ಮದ್ದಿನ ಮನೆಯೊಂದರ ಭಾಗ್ಯ ಬೇರೆ ಬಗೆಯದು. ಬೆಂಗಳೂರು–ಮೈಸೂರು ಜೋಡಿ ರೈಲುಹಾದಿಗೆ ಅದು ಅಡ್ಡವಾಗಿತ್ತು. ಕೆಡವಬಾರದೆಂಬ ನಿಶ್ಚಯವಾದ ಮೇಲೆ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು 2017ರ ಮಾರ್ಚಿಯಲ್ಲಿ ಇಡಿಯಾಗಿ ಎತ್ತಿ, ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಇಟ್ಟಿಗೆಯ ಮುದಿಮನೆಯೊಂದು ಇಂಚಿಂಚಾಗಿ ನಡೆದುಹೋಯಿತು.

ಬೈಲಿ ಕಡೆಯುಸಿರೆಳೆದ ಕೋಣೆ ಯಾವುದೆಂದು ಮಾತ್ರ ಬೆರಳು ಮಾಡಿ ತೋರಿಸುವಂತಿಲ್ಲ. ಲಖನೌದಲ್ಲಿ ರೆಸಿಡೆಂಟನಾಗಿದ್ದ ಅವನ ಸೋದರಳಿಯ ಜಾನ್ ಬೈಲಿ 1816ರಲ್ಲಿ ಗಂಜಾಂ ಬಳಿಯ ಲಾಲ್‌ಬಾಗಿನಲ್ಲಿ ಅವನಿಗೊಂದು ಸ್ಮಾರಕ ಕಟ್ಟಿಸಿದನು. ಅದರ ಸಮೀಪದಲ್ಲಿಯೇ ಗುಂಬಜ್. ಅದರೊಳಗೆ ಹೈದರನ ಗೋರಿ, ಟಿಪ್ಪುವಿನ ಗೋರಿ. ಗುಂಬಜ್ ನೋಡಿ ಸಂಗಮದತ್ತ ಹೊರಡುವ ಗಾಡಿಗಳು ಈ ಸ್ಮಾರಕದ ಮುಂದೆ ನಿಲ್ಲುವುದು ಅಪರೂಪ.