ಆರು ಗೆರೆ, ಐದು ಸಾಲು

ಅಮೆರಿಕ ಮತ್ತು ಕೆನಡಾದ ಕಾನೂನು ಕಾಲೇಜುಗಳಿಗೆ ಸೇರಬಯಸುವವರು ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ 2024ರ ಜೂನ್‌ವರೆಗೂ ಒಂದು ವಿಚಿತ್ರ ವಿಭಾಗವಿತ್ತು. ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಲಾಜಿಕ್ ಗೇಮ್ಸ್’. 35 ನಿಮಿಷ, ನಾಲ್ಕು ಒಗಟು, ಪ್ರತಿ ಒಗಟಿಗೂ ಐದಾರು ಪ್ರಶ್ನೆ. ಕಾನೂನು ತಿಳಿದಿರಬೇಕಿಲ್ಲ, ಗಣಿತವೂ ಬೇಡ. ಪೆನ್ಸಿಲ್ಲು, ಒಂದಿಷ್ಟು ಖಾಲಿ ಜಾಗ ಇದ್ದರೆ ಸಾಕು. ಒಗಟುಗಳಲ್ಲಿ ಹಲವು ಬಗೆ. ಅವುಗಳಲ್ಲಿ ಚಿತ್ರ ಬರೆದು ಬಿಡಿಸಲು ಅತ್ಯಂತ ಸೊಗಸಾದವು ಸರದಿಯ ಒಗಟುಗಳು: ಯಾರು ಮೊದಲು, ಯಾರು ಆಮೇಲೆ.

ಒಂದು ಸಂಜೆ ಆರು ಗಾಯಕರು ಒಬ್ಬರಾದ ಮೇಲೊಬ್ಬರು ಹಾಡುತ್ತಾರೆ ಎನ್ನೋಣ: ಕ, ಗ, ಚ, ಟ, ತ, ಪ. ಗ ಮತ್ತು ಚ ಇಬ್ಬರಿಗಿಂತಲೂ ಕ ಮೊದಲು. ಗ ಮುಗಿಸಿದ ಕೂಡಲೇ ತ. ಪ ನಾಲ್ಕನೆಯವರು. ಟ ಬಗ್ಗೆ ಮಾತೇ ಇಲ್ಲ.

ಮೊದಲು ಆರು ಗೆರೆ ಎಳೆದು ಕೆಳಗೆ 1ರಿಂದ 6ರವರೆಗೆ ಅಂಕಿ ಹಾಕಬೇಕು. ನಾಲ್ಕನೆಯ ಗೆರೆಯ ಮೇಲೆ ಪ ಕೂರುತ್ತದೆ. ‘ಕೂಡಲೇ’ ಎಂದದ್ದಕ್ಕೆ ಗತ ಎಂದು ಒತ್ತಿ ಬರೆದು ಚೌಕ ಹಾಕುವುದು. ಬರೀ ‘ಮೊದಲು’ ಎಂದದ್ದಕ್ಕೆ ನಡುವೆ ಉದ್ದ ಗೆರೆ. ಕ ಇಂದ ಎರಡು ಗೆರೆ ಕವಲೊಡೆಯುತ್ತವೆ, ಮೇಲಿನದು ಗ ಕಡೆಗೆ, ಕೆಳಗಿನದು ಚ ಕಡೆಗೆ. ಹೊಸಬರು ಎಡವುವುದು ಇಲ್ಲಿಯೇ. ಅವಸರದಲ್ಲಿ ಕ, ಗ, ಚ ಮೂರನ್ನೂ ಒಂದೇ ಗೆರೆಯಲ್ಲಿ ಪೋಣಿಸಿದರೆ ಗ ಆದಮೇಲೆಯೇ ಚ ಎಂಬ, ಯಾರೂ ಹೇಳದ ನಿಯಮವೊಂದು ಒಳಗೆ ನುಸುಳುತ್ತದೆ. ಹೇಳದ್ದನ್ನು ಹೇಳದೆ ಬಿಡುವುದೇ ಒಳ್ಳೆಯ ಚಿತ್ರದ ಲಕ್ಷಣ. ಎಲ್ಲಿ ಬೇಕಾದರೂ ಹೋಗಬಲ್ಲ ಟ ಸುತ್ತ ಒಂದು ಸೊನ್ನೆ ಹಾಕಿಟ್ಟರಾಯಿತು.

ಇನ್ನು ಚೌಕವನ್ನು ಗೆರೆಗಳ ಮೇಲೆ ಸರಿಸಿ ನೋಡುವ ಕೆಲಸ. ಇಡೀ ಆಟದ ರುಚಿ ಇರುವುದೇ ಇದರಲ್ಲಿ. ನಾಲ್ಕರಲ್ಲಿ ಪ ಅಡ್ಡ ಕೂತಿರುವುದರಿಂದ ಗತ ಜೋಡಿಗೆ 1–2, 2–3, 5–6 ಇಷ್ಟೇ ಜಾಗ. ಕ ಮೊದಲು ಬರಲೇಬೇಕಾದ್ದರಿಂದ 1–2 ಹೋಯಿತು. ಜೋಡಿ 2–3ರಲ್ಲಿದ್ದರೆ ಕ ಮೊದಲನೆಯದು, ಕೊನೆಯ ಎರಡರಲ್ಲಿ ಚ, ಟ ಹೇಗಾದರೂ ಸರಿ: ಎರಡು ಸಾಲು. ಜೋಡಿ 5–6ರಲ್ಲಿದ್ದರೆ ಮೊದಲ ಮೂರರಲ್ಲಿ ಕಚಟ, ಕಟಚ, ಟಕಚ: ಮೂರು ಸಾಲು. ನಿಯಮವೇ ಇಲ್ಲದಿದ್ದರೆ 720 ಸಾಲುಗಳಾಗುತ್ತಿದ್ದವು, ಉಳಿದದ್ದು ಐದು. ‘ಟ ಮೊದಲು ಹಾಡಿದರೆ ಮೂರನೆಯವರು ಯಾರು?’ ಎಂದು ಕೇಳಿದರೆ ಯೋಚಿಸುವುದೇನೂ ಇಲ್ಲ, ಕಣ್ಣಾಡಿಸಿದರೆ ಚ ಸಿಗುತ್ತದೆ.

ಹೀಗೆ ಎಲ್ಲ ಸಾಲನ್ನೂ ಬರೆದಿಡುವುದು ಯಾವಾಗಲೂ ಲಾಭವಲ್ಲ. ಕವಲು ಎರಡೋ ಮೂರೋ ಆದರೆ ಸರಿ. ಹೆಚ್ಚಾದರೆ ಯಾರು ಎಲ್ಲಿ ಬರಲಾರರು ಎಂಬುದನ್ನಷ್ಟೇ ಗೆರೆಯಡಿ ಗುರುತಿಸಿ ಪ್ರಶ್ನೆಗಿಳಿಯುವುದು ಜಾಣತನ.

ಚಿತ್ರವನ್ನೇ ನಂಬಿದ್ದು ಈ ವಿಭಾಗಕ್ಕೆ ಮುಳುವಾಯಿತು. ಗೆರೆ ಎಳೆದು ನೋಡಲಾಗದ ದೃಷ್ಟಿಹೀನರಿಗೆ ಇದರಿಂದ ಅನ್ಯಾಯವೆಂಬ ದಾವೆ 2019ರಲ್ಲಿ ರಾಜಿಯಲ್ಲಿ ಮುಗಿದು, 2024ರ ಆಗಸ್ಟ್‌ನಿಂದ ವಿಭಾಗವನ್ನೇ ಕೈಬಿಡಲಾಯಿತು. ದೂರು ನ್ಯಾಯವಾದದ್ದೇ.

ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲಿ ಇದರ ಬಂಧುಗಳು ಇನ್ನೂ ಇವೆ. ದುಂಡುಮೇಜಿನ ಒಗಟಿನಲ್ಲಿ ಮೊದಲ ಜಾಗವೆಂಬುದಿಲ್ಲ, ಒಬ್ಬರನ್ನು ಎಲ್ಲಾದರೂ ಕೂರಿಸಿಯೇ ಶುರುಮಾಡಬೇಕು. ಕೆಲವರು ಹೊರಮುಖವಾಗಿ ಕೂತಿದ್ದರೆ ಅವರ ಎಡಬಲ ಅದಲುಬದಲಾಗುವುದರಿಂದ, ಹೆಸರಿನ ಪಕ್ಕ ಪುಟ್ಟ ಬಾಣವನ್ನೂ ಹಾಕಿಕೊಳ್ಳಬೇಕಾಗುತ್ತದೆ.