ಫಳ್ನೀರಿನ ಸೋಡಾ

ಬಿಸಿಲಿನಿಂದ ಬಂದವರ ಮುಂದೆ ಒಂದು ತುಂಡು ಬೆಲ್ಲವನ್ನೂ ಒಂದು ತಂಬಿಗೆ ನೀರನ್ನೂ ಇರಿಸಿದ ಮೇಲಲ್ಲದೆ ಬಂದ ಕಾರ್ಯವನ್ನು ವಿಚಾರಿಸಬಾರದೆಂಬ ತುಳುನಾಡಿನ ಮರ್ಯಾದೆಯಲ್ಲಿ ಬೆಳೆದು, ಆಯುಷ್ಯದ ಬಹುಭಾಗವನ್ನು ಅನ್ಯರ ತೃಷೆಯನ್ನು ತಣಿಸುವುದರಲ್ಲಿಯೇ ಕಳೆದ ಗೃಹಿಣಿಯೊಬ್ಬಳು ವಾರ್ಧಕ್ಯದಲ್ಲಿ ಆಶ್ರಮವೊಂದರ ಕೋಣೆಯನ್ನು ಸೇರಿದಾಗ, ಆಕೆ ಕಳೆದುಕೊಂಡವುಗಳ ಲೆಕ್ಕದಲ್ಲಿ ಈ ಆತಿಥ್ಯದ ಅಧಿಕಾರವನ್ನು ಯಾರೂ ಸೇರಿಸುವುದಿಲ್ಲ. ಅಲ್ಲಿ ಊಟ ಸಕಾಲಕ್ಕೆ ಬರುತ್ತದೆ, ಔಷಧವೂ ಬರುತ್ತದೆ; ನೋಡಲು ಬಂದ ಮಗನಿಗೆ ಚಹಾ ಕೊಡುವವಳು ಮಾತ್ರ ಪರಿಚಾರಿಕೆ.

ಮಂಗಳೂರಿನ ಫಳ್ನೀರಿನಲ್ಲಿ, ಆಸ್ಪತ್ರೆಗಳ ರಸ್ತೆಯ ಗದ್ದಲದಿಂದ ತುಸು ಒಳಗೆ, ಬಹುಮಹಡಿಯ ಕಟ್ಟಡಗಳ ನಡುವೆ ಉಳಿದಿರುವ ಹೆಂಚಿನ ಮನೆಯೊಂದರಲ್ಲಿರುವ ಆಶ್ರಮದ ವೃದ್ಧರು ಸೋಡಾ ಮಾಡತೊಡಗಿದ್ದನ್ನು ನಾನು ಬರಿಯ ಕಾಲಕ್ಷೇಪವೆಂದು ಎಣಿಸಲಾರದುದು ಇದರಿಂದಲೇ.

1767ರಲ್ಲಿ ಲೀಡ್ಸ್ ನಗರದ ಬಿಯರ್ ಭಟ್ಟಿಯಲ್ಲಿ ಹುದುಗಿನಿಂದೇಳುವ ಅನಿಲವನ್ನು ನೀರಿಗೆ ಇಳಿಸಿದ ಜೋಸೆಫ್ ಪ್ರೀಸ್ಟ್ಲಿಯಾಗಲಿ, 1870ರ ದಶಕದಲ್ಲಿ ಅದೇ ಅನಿಲದ ಒತ್ತಡದಿಂದ ಗೋಲಿಯನ್ನು ಬಾಟ್ಲಿಯ ಕೊರಳಿಗೆ ಬಿಗಿಸಿದ ಹೈರಮ್ ಕಾಡನಾಗಲಿ ಇವರಿಗೆ ಗುರುಗಳಲ್ಲ. ಸಿಪ್ಪೆಸಹಿತ ತುರಿದ ಹಸಿಶುಂಠಿಗೆ ಸಕ್ಕರೆಯನ್ನೂ ನೀರನ್ನೂ ಬೆರೆಸಿ, ಬಟ್ಟೆ ಕಟ್ಟಿದ ಭರಣಿಯಲ್ಲಿಟ್ಟು, ದಿನವೂ ಚಮಚದಷ್ಟು ಶುಂಠಿ ಸಕ್ಕರೆಗಳನ್ನು ಉಣಿಸುತ್ತ ಬಂದರೆ, ಆ ಸಿಪ್ಪೆಯಲ್ಲಿಯೇ ನೆಲೆಸಿರುವ ಯೀಸ್ಟ್ ಮಂಗಳೂರಿನ ಸೆಕೆಯಲ್ಲಿ ಕೆಲವೇ ದಿನಗಳೊಳಗೆ ಎಚ್ಚೆತ್ತು ನೊರೆಗಟ್ಟುತ್ತದೆ. ಅದನ್ನು ಸೋಸಿ, ಪುನರ್ಪುಳಿಯ ಒಣಸಿಪ್ಪೆಯನ್ನು ನೆನೆಸಿ ತೆಗೆದ ಸಿಹಿಗೂಡಿದ ಕೆಂಪುರಸಕ್ಕೆ ಕೂಡಿಸಿ ಮುಚ್ಚಳ ಬಿಗಿದಿಟ್ಟರೆ ಒಂದೆರಡು ದಿನಗಳಲ್ಲಿ ಸೋಡಾ ಸಿದ್ಧ. ಹಬ್ಬಕ್ಕೆ ಕಳ್ಳು ಬೆರೆಸಿ ಸಾನ್ನಾಂ ಉಬ್ಬಿಸಿದ ಕೈಗಳಿಗೆ ಹುದುಗಿನ ಸ್ವಭಾವವನ್ನು ಹೊಸದಾಗಿ ಬೋಧಿಸಬೇಕಾದುದೇನಿದೆ? ಅಡುಗೆ ಸೋಡಾಕ್ಕೆ ಲಿಂಬೆ ಹಿಂಡುವ ಸುಲಭಮಾರ್ಗವನ್ನು, ರಕ್ತದೊತ್ತಡದವರಿಗೆ ಅದರ ಸೋಡಿಯಂ ಹಿತವಲ್ಲವೆಂದು, ಅವರೇ ತಿರಸ್ಕರಿಸಿದರು. ಸಕ್ಕರೆ ಕಾಯಿಲೆಯವರಿಗೂ, ಹುದುಗಿನ ಅತ್ಯಲ್ಪ ಮದ್ಯಾಂಶವು ತಮ್ಮ ಔಷಧಕ್ಕೆ ಸಲ್ಲದವರಿಗೂ ವೈದ್ಯರ ಮಾತೇ ಕೊನೆಯದು. ಅವರು ಕುಡಿಯದಿದ್ದರೂ ಶುಂಠಿ ತುರಿಯುವ ಹಕ್ಕನ್ನು ಬಿಟ್ಟುಕೊಟ್ಟವರಲ್ಲ.

ಗಾಜು ಸಿಡಿದೀತೆಂದು ಪ್ಲಾಸ್ಟಿಕ್ ಬಾಟ್ಲಿಗಳನ್ನು ಆರಿಸಿಕೊಂಡದ್ದರಿಂದ ಅನಿರೀಕ್ಷಿತವಾದೊಂದು ಲಾಭವಾಯಿತು. ಒಳಗೆ ಅನಿಲ ಕೂಡಿದಂತೆಲ್ಲ ಬಾಟ್ಲಿ ಗಡುಸಾಗುವುದರಿಂದ, ದೃಷ್ಟಿ ಬಹುಮಟ್ಟಿಗೆ ನಂದಿಹೋಗಿರುವ ನಿವೃತ್ತ ಶಿಕ್ಷಕಿಯೊಬ್ಬರೇ ಈ ವಿಷಯದಲ್ಲಿ ಪ್ರಮಾಣವಾದರು. ಎಲ್ಲರೂ ಬಾಟ್ಲಿಯನ್ನು ಅವರ ಕೈಗಿತ್ತು, “ಆಯ್ತಾ ಟೀಚರೇ?” ಎಂದು ಕಾಯುವರು, ಅವರು ಸಾವಧಾನವಾಗಿ ಅದುಮಿ ನೋಡಿ, “ಇನ್ನೊಂದು ದಿನ ಇರಲಿ ಮಾರಾಯ್ರೆ, ಇನ್ನೂ ಮೆತ್ತಗುಂಟು” ಎನ್ನುವರು. ಮರುದಿನ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿ ಒತ್ತಡವನ್ನು ಇಳಿಸಿದ ಬಳಿಕ, ನೋಡಲು ಬಂದ ಮಕ್ಕಳಿಗೆ, ಮೊಮ್ಮಕ್ಕಳಿಗೆ, ಕೊನೆಯಲ್ಲಿ ಆ ಪರಿಚಾರಿಕೆಗೂ ಅವರೇ ಸುರಿದು ಕೊಟ್ಟರು. ನಾನು ಸಹಾಯಕ್ಕೆಂದು ಏಳಹೋದರೆ, “ನೀವು ಬಂದವರಲ್ವಾ, ಕೂತ್ಕೊಳ್ಳಿ” ಎಂದು ಗದರಿದ ಆ ಧ್ವನಿಯಲ್ಲಿದ್ದ ಯಜಮಾನಿಕೆಯನ್ನು ಕೇಳಿ ನನಗಾದ ಸಂತೋಷ ಅಪಾರ.

ಈಗಿನ ಚರ್ಚೆ ಮಳೆಗಾಲದ್ದು. ಥಂಡಿಗೆ ಹುದುಗು ನಿಧಾನಿಸುವುದರಿಂದ ಭರಣಿಯನ್ನು ಒಲೆಯ ಬದಿಗಿಡಬೇಕೆಂದು ಒಬ್ಬರ ಅಭಿಪ್ರಾಯ. ಪುನರ್ಪುಳಿಯನ್ನು ಬಿಟ್ಟು ಜೀರಿಗೆಯನ್ನೇ ಹಿಡಿಯೋಣವೆಂದು ಗಂಡಸರ ಪಕ್ಷದ ಹಟ. ಟೀಚರು ಇನ್ನೂ ಯಾರ ಕಡೆಗೂ ಮತ ಹೇಳಿಲ್ಲ.